ದಾರದ ಟೆನ್ಶನ್ ಎಂದರೆ ನೇತಾಡುವ ಬ್ಲಾಕಿನ ತೂಕವೇ?

ಪ್ರಶ್ನೆ: ಮೇಜಿನ ಮೇಲೆ 3 ಕೆಜಿ ಬ್ಲಾಕ್ ಇದೆ. ರಾಟೆಯ ಮೇಲೆ ಹಾದ ದಾರದ ಇನ್ನೊಂದು ತುದಿಯಲ್ಲಿ 2 ಕೆಜಿ ಬ್ಲಾಕ್ ನೇತಾಡುತ್ತಿದೆ. ಘರ್ಷಣೆ ಇಲ್ಲ. ಕೈ ಬಿಟ್ಟಾಗ ಟೆನ್ಶನ್ (ದಾರದ ಎಳೆತ) 20 ನ್ಯೂಟನ್ ತಾನೇ? ಉತ್ತರದಲ್ಲಿ 12 ಎಂದು ಯಾಕಿದೆ?

ಮೊದಲ ಪಿಯುಸಿಯಲ್ಲಿ ಚಲನೆಯ ನಿಯಮಗಳ ಪಾಠ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. 12 ಸರಿ, 20 ತಪ್ಪು.

ಗುರುತ್ವದ ವೇಗೋತ್ಕರ್ಷ 10 ಮೀ/ಸೆ² ಎಂದಿಟ್ಟುಕೊಂಡರೆ, ಭೂಮಿ 2 ಕೆಜಿ ಬ್ಲಾಕನ್ನು 20 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ದಾರವೂ ಅಷ್ಟೇ ಬಲದಿಂದ ಮೇಲಕ್ಕೆ ಎಳೆದರೆ ನಿಂತಿದ್ದ ಬ್ಲಾಕ್ ಇಳಿಯುವುದಾದರೂ ಹೇಗೆ? ಇಳಿಯುತ್ತಾ ವೇಗ ಹೆಚ್ಚುತ್ತಿದೆ ಎಂದರೆ ದಾರದ ಎಳೆತ ತೂಕಕ್ಕಿಂತ ಕಡಿಮೆ ಇರಲೇಬೇಕು. ಮೇಜಿನ ಬ್ಲಾಕನ್ನು ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಮಾತ್ರ 20 ನಿಜ. ದಾರದ ನಡುವೆ ಹಗುರವಾದ ಸ್ಪ್ರಿಂಗ್ ತಕ್ಕಡಿ ಕಟ್ಟಿ, ನಯವಾದ ಮೇಜಿನ ಮೇಲೆ ಬಿಟ್ಟು ನೋಡಿ: 20ರಲ್ಲಿ ನಿಂತಿದ್ದ ಮುಳ್ಳು ಸರ್ರನೆ ಇಳಿದು 12ರ ಆಸುಪಾಸಿನಲ್ಲಿ ಅಲುಗಾಡುತ್ತದೆ.

ಎರಡು ಬ್ಲಾಕಿಗೂ ಬೇರೆ ಬೇರೆ ಚಿತ್ರ ಬರೆಯಿರಿ. ನೇತಾಡುವುದಕ್ಕೆ: 20 − ಟೆನ್ಶನ್ = 2 × ವೇಗೋತ್ಕರ್ಷ. ಮೇಜಿನದಕ್ಕೆ: ಟೆನ್ಶನ್ = 3 × ವೇಗೋತ್ಕರ್ಷ. ಕೂಡಿಸಿದರೆ 20 = 5 × ವೇಗೋತ್ಕರ್ಷ, ಅಂದರೆ 4 ಮೀ/ಸೆ². ಟೆನ್ಶನ್ 12. ಮೊದಲ ಸಮೀಕರಣಕ್ಕೆ ಹಾಕಿ ತಾಳೆ ನೋಡುವುದನ್ನು ಬಿಡಬೇಡಿ: 20 − 12 = 8, ಸರಿಯಾಗಿ 2 × 4.

ಇನ್ನೂ ನಂಬಿಕೆ ಬರದಿದ್ದರೆ ಮೇಜಿನ ಬ್ಲಾಕನ್ನು ಬದಲಿಸಿ. 18 ಕೆಜಿ ಇಟ್ಟರೆ ಟೆನ್ಶನ್ 18. 198 ಕೆಜಿ ಇಟ್ಟರೆ 19.8. ಎಷ್ಟೇ ಭಾರ ಇಟ್ಟರೂ 20ರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ.

ಘರ್ಷಣೆ ಇದ್ದರೆ ಮೊದಲು ಒಂದು ಪರೀಕ್ಷೆ: ಬ್ಲಾಕ್ ಚಲಿಸುತ್ತದೆಯೇ? ನಮ್ಮ 3 ಕೆಜಿ ಬ್ಲಾಕಿಗೆ ಸ್ಥಾಯಿ ಘರ್ಷಣಾಂಕ 0.7 ಆದರೆ ಘರ್ಷಣೆ ತೂಕದ 0.7 ಪಟ್ಟು, ಅಂದರೆ 0.7 × 30 = 21 ನ್ಯೂಟನ್‌ವರೆಗೆ ತಡೆಯಬಲ್ಲದು, ಹಾಗಾಗಿ ಅಲ್ಲಾಡುವುದಿಲ್ಲ. ಆಗ ಟೆನ್ಶನ್ 20, ಘರ್ಷಣೆಯೂ 20. ಇಲ್ಲಿ 21 ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಮಾತಿದೆ. ಅದೇ ಎರಡು ಬ್ಲಾಕನ್ನು ಹಗುರವಾದ ರಾಟೆಯ ಎರಡು ಕಡೆ ನೇತುಹಾಕಿ ಬಿಟ್ಟರೆ, ರಾಟೆ ಹಿಡಿದ ಕೊಕ್ಕೆಯ ಮೇಲೆ ಎಷ್ಟು ಭಾರ? ವೇಗೋತ್ಕರ್ಷ 2, ಟೆನ್ಶನ್ 24, ಆದ್ದರಿಂದ ಕೊಕ್ಕೆಗೆ 48 ನ್ಯೂಟನ್. ಒಟ್ಟು ತೂಕ 50. ಎರಡೂ ಬ್ಲಾಕ್ ಸೇರಿದ ದ್ರವ್ಯರಾಶಿ ಕೇಂದ್ರ 0.4 ಮೀ/ಸೆ² ವೇಗೋತ್ಕರ್ಷದಿಂದ ಕೆಳಗಿಳಿಯುತ್ತಿದೆ. ಉಳಿದ 2 ನ್ಯೂಟನ್ ಅದಕ್ಕೇ ಖರ್ಚು.