ಸೂಲಗಿತ್ತಿಯ ಪಕ್ಕ ನಿಂತ ರಕ್ಕಸರು

ಮೊಸಳೆ, ಸಿಂಹ, ನೀರಾನೆ. ನೈಲ್ ದಂಡೆಯ ಜನ ಜೀವ ಕೈಯಲ್ಲಿ ಹಿಡಿದು ನೆನೆಯುತ್ತಿದ್ದ ಪ್ರಾಣಿಗಳಿವು. ಪ್ರಾಚೀನ ಈಜಿಪ್ಟಿನವರು ಈ ಮೂರನ್ನೂ ಬೆಸೆದು ಎರಡು ಹೆಣ್ಣುರೂಪಗಳನ್ನು ಮಾಡಿದರು. ಒಬ್ಬಳು ಅಮ್ಮಿತ್. ಮೊಸಳೆಯ ತಲೆ, ಸಿಂಹದ ಮುಂಗಾಲು, ನೀರಾನೆಯ ಹಿಂಭಾಗ. ಸತ್ತವರ ಹೃದಯವನ್ನು ತಕ್ಕಡಿಯಲ್ಲಿಟ್ಟು ತೂಗುವ ಜಾಗದಲ್ಲಿ ಕಾದು ಕೂತಿರುತ್ತಾಳೆ. ತೂಕದಲ್ಲಿ ಸೋತ ಹೃದಯ ಅವಳ ಪಾಲು, ಅಲ್ಲಿಗೆ ಆ ಜೀವದ ಕಥೆ ಮುಗಿಯಿತು. ಇನ್ನೊಬ್ಬಳು ತವೆರೆತ್. ನೀರಾನೆಯ ತಲೆ ಮತ್ತು ಮೈ, ಸಿಂಹದ ಪಂಜ, ಬೆನ್ನ ಮೇಲಿಂದ ಇಳಿಬಿದ್ದ ಮೊಸಳೆ ಬಾಲ, ಜೋತುಬಿದ್ದ ಮೊಲೆಗಳು, ತುಂಬಿದ ಬಸಿರು. ಇವಳು ಬಸುರಿ, ಬಾಣಂತಿ, ಹಸುಗೂಸುಗಳ ಕಾವಲಿನವಳು. ಸಾಮಾನು ಅದೇ, ಜೋಡಿಸಿದ ಕ್ರಮ ಬೇರೆ. ಒಬ್ಬಳ ಹೆಸರು ಹೇಳಿದರೆ ನಡುಕ, ಇನ್ನೊಬ್ಬಳ ಪುಟ್ಟ ಗೊಂಬೆ ಹೆಂಗಸರ ಕೊರಳಲ್ಲಿ.

ಈಗಿನ ಸಿನಿಮಾ, ಕಾಮಿಕ್ಸ್, ವಿಡಿಯೊ ಗೇಮುಗಳ ರಾಕ್ಷಸರನ್ನು ನೋಡಿ ಪಳಗಿದ ಕಣ್ಣಿಗೆ ಇದು ಒಗ್ಗುವುದು ಕಷ್ಟ. ಅಲ್ಲಿ ಲೆಕ್ಕ ನೇರ: ಮೈ ನಮ್ಮ ಹಾಗಿಲ್ಲ, ಬಂದದ್ದು ಎಲ್ಲಿಂದಲೋ, ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಹಾಗಿದ್ದರೆ ಅವನೇ ಖಳ. ಹೆಣ್ಣು ರಾಕ್ಷಸಿಯಾದರಂತೂ ಒಂದೋ ಗಂಡಸರನ್ನು ಮರುಳು ಮಾಡುವ ಚೆಲುವೆ, ಇಲ್ಲವೇ ಮಕ್ಕಳನ್ನು ತಿನ್ನುವ ಮುದುಕಿ. 1973ರಲ್ಲಿ ಬಂದ ದೆವ್ವ ಹಿಡಿದ ಹುಡುಗಿಯ ಹಾಲಿವುಡ್ ಚಿತ್ರ ಜಗತ್ತನ್ನೇ ಹೆದರಿಸಿತು. ಅದರ ದೆವ್ವ ಪಜುಜು, ಪ್ರಾಚೀನ ಮೆಸೊಪೊಟೇಮಿಯಾದಿಂದ, ಅಂದರೆ ಈಗಿನ ಇರಾಕ್ ಕಡೆಯಿಂದ ಎರವಲು ತಂದದ್ದು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಪಜುಜುವಿನ ಕಂಚಿನ ಪ್ರತಿಮೆ ಒಂದು ಗೇಣಿಗಿಂತ ಚಿಕ್ಕದು, ತಲೆಯ ಮೇಲೆ ನೇತುಹಾಕಲು ಬಳೆ ಇದೆ. ಅದನ್ನು ನೇತುಹಾಕುತ್ತಿದ್ದದ್ದು ಮನೆಯನ್ನು ಕಾಯಲಿಕ್ಕೆ. ಬಸುರಿಯರನ್ನೂ ಕೂಸುಗಳನ್ನೂ ಕಾಡುತ್ತಿದ್ದ ಲಮಷ್ಟು ಎಂಬ ರಕ್ಕಸಿಯನ್ನು ಓಡಿಸುವುದು ಪಜುಜುವಿನ ಕೆಲಸವಾಗಿತ್ತು. ಸಿನಿಮಾಕ್ಕೆ ಅವನ ಮುಖ ಬೇಕಾಯಿತು, ಉದ್ಯೋಗ ಬೇಕಾಗಲಿಲ್ಲ.

ಈಜಿಪ್ಟಿನವರು ವಿಚಿತ್ರ ಮೈಯನ್ನು ಕೆಡುಕು ಎಂದು ಓದುತ್ತಿರಲಿಲ್ಲ, ಅಪಾಯ ಎಂದು ಓದುತ್ತಿದ್ದರು. ಅಪಾಯ ಎನ್ನುವುದು ಕೂಲಿಗೆ ಸಿಗುವ ಸರಕು. ಸತ್ತವರ ಜೊತೆ ಗೋರಿಯಲ್ಲಿ ಇಡುತ್ತಿದ್ದ ಮಂತ್ರದ ಸುರುಳಿಗಳಲ್ಲಿ ಪರಲೋಕದ ಬಾಗಿಲುಗಳ ವರ್ಣನೆ ಬರುತ್ತದೆ. ಬಾಗಿಲುಗಳು ಹೆಣ್ಣು: ‘ನಡುಕದ ಒಡತಿ, ಎತ್ತರದ ಗೋಡೆಯವಳು’ ಎಂದು ಮೊದಲನೆಯದರ ಬಿರುದು. ಕಾಯುವವರಲ್ಲಿ ಒಬ್ಬ ‘ತಲೆಕೆಳಗಾದ ಮುಖದವನು, ಬಹುರೂಪಿ’, ಇನ್ನೊಬ್ಬ ‘ಹುಳ ತಿಂದು ಬದುಕುವವನು’. ಕೈಯಲ್ಲಿ ಕತ್ತಿ. ಆದರೂ ಅವರು ಸತ್ತವನ ಶತ್ರುಗಳಲ್ಲ, ಬಾಗಿಲ ನೌಕರರು. ಹೆಸರು ಸರಿಯಾಗಿ ಹೇಳಿದರೆ ದಾರಿ ಬಿಡುತ್ತಾರೆ. ಅಪ್ಪಟ ಕೆಡುಕು ಎಂದು ಅವರು ಕಂಡದ್ದು ಅಪೋಫಿಸ್ ಎಂಬ ಹಾವನ್ನು, ಸೂರ್ಯನ ದೋಣಿಯನ್ನು ದಿನವೂ ತಡೆಯುವ ಹಾವನ್ನು. ಅವನಿಗೆ ಗುಡಿಯಿಲ್ಲ, ಹರಕೆಯಿಲ್ಲ. ಮೇಣದಲ್ಲಿ ಅವನ ಆಕಾರ ಮಾಡಿ, ಉಗಿದು, ಎಡಗಾಲಲ್ಲಿ ತುಳಿದು, ಬೆಂಕಿಗೆ ಹಾಕುವ ವಿಧಿಯೊಂದೇ ಅವನಿಗೆ ಸಲ್ಲುತ್ತಿದ್ದ ‘ಪೂಜೆ’.

ಗಂಡು ಹೆಣ್ಣಿನ ಮಾತಿಗೆ ಬಂದರೆ ನೀರಾನೆಗಿಂತ ಒಳ್ಳೆಯ ಉದಾಹರಣೆ ಸಿಗದು. ಗಂಡು ನೀರಾನೆ ಹಗೆಯ ರೂಪ. ಎಡ್ಫು ದೇವಾಲಯದ ಗೋಡೆಗಳಲ್ಲಿ ಹೋರಸ್ ದೇವರು ದೋಣಿಯಲ್ಲಿ ನಿಂತು, ನೀರಾನೆಯ ವೇಷದಲ್ಲಿರುವ ಸೆತ್ ದೇವರನ್ನು ಈಟಿಯಿಂದ ಚುಚ್ಚುತ್ತಾನೆ. ವರ್ಷಕ್ಕೊಮ್ಮೆ ಆ ಕಥೆಯನ್ನು ಆಡಿ ತೋರಿಸಿ, ಕೊನೆಗೆ ನೀರಾನೆ ಆಕಾರದ ರೊಟ್ಟಿಯನ್ನು ಕತ್ತರಿಸುತ್ತಿದ್ದರು. ಅದೇ ಪ್ರಾಣಿ ಹೆಣ್ಣಾದರೆ ತವೆರೆತ್. ಇದರ ಹಿಂದೆ ನದಿಯನ್ನು ದಿನವೂ ನೋಡಿದ ಕಣ್ಣು ಇದೆ ಎಂದು ನನಗನ್ನಿಸುತ್ತದೆ. ಗಂಡು ನೀರಾನೆ ನೀರಿನ ತನ್ನ ಹದ್ದಿಗಾಗಿ ಕಾದಾಡುತ್ತದೆ, ಒಮ್ಮೊಮ್ಮೆ ಮರಿಗಳನ್ನೂ ಕೊಲ್ಲುತ್ತದೆ. ಸುಮಾರು ಎಂಟು ತಿಂಗಳು ಬಸಿರು ಹೊತ್ತ ಹೆಣ್ಣು ಹಿಂಡಿನಿಂದ ದೂರ ಸರಿದು ಈಯುತ್ತದೆ, ಆಮೇಲೆ ಮರಿಯ ಹತ್ತಿರ ಸುಳಿದ ಮೊಸಳೆಯನ್ನೂ ಮನುಷ್ಯನನ್ನೂ ಬಿಡುವುದಿಲ್ಲ. ಕೋಪ ಎರಡಕ್ಕೂ ಇದೆ, ಅದು ಯಾರ ಪರ ಎನ್ನುವುದರಲ್ಲಿ ವ್ಯತ್ಯಾಸ.

ಹಾಗೆಂದು ಅವರು ಆ ಕೋಪವನ್ನು ಪೂರ್ತಿ ನಂಬಿದವರೂ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮೈತುಂಬ ತಾವರೆ ಚಿತ್ರಿಸಿಕೊಂಡ, ನೀಲಿ ಹೊಳಪಿನ ಪುಟ್ಟ ನೀರಾನೆಯೊಂದಿದೆ. ಸುಮಾರು 3,900 ವರ್ಷಗಳ ಹಿಂದೆ ಮೇರ್ ಎಂಬಲ್ಲಿ ಒಬ್ಬ ಅಧಿಕಾರಿಯ ಗೋರಿಯಲ್ಲಿ ಇಟ್ಟದ್ದು. ಈಗ ನಾಲ್ಕು ಕಾಲಲ್ಲಿ ನಿಂತಿದೆ, ಆದರೆ ಮೂರು ಕಾಲುಗಳು ಮ್ಯೂಸಿಯಮ್ಮಿನವರು ಸೇರಿಸಿದವು. ಮೂಲ ಕಾಲುಗಳನ್ನು ಬೇಕೆಂದೇ ಮುರಿದದ್ದಿರಬೇಕು ಎನ್ನುತ್ತಾರೆ ತಜ್ಞರು. ಪರಲೋಕದಲ್ಲಿ ಜೀವ ಬಂದು ಯಜಮಾನನನ್ನೇ ಅಟ್ಟಿಸಿಕೊಂಡು ಹೋದರೆ?

ಹೆರಿಗೆ ಕೋಣೆಯೊಳಗೆ ಹೋದರೆ ಈ ರಕ್ಕಸರ ಪಡೆಯೇ ಸಿಗುತ್ತದೆ. ಕ್ರಿ.ಪೂ. 2000ದ ಆಸುಪಾಸಿನಿಂದ ಕೆಲವು ಶತಮಾನಗಳ ಕಾಲ ಈಜಿಪ್ಟಿನವರು ನೀರಾನೆಯ ಕೋರೆಯನ್ನು ಉದ್ದಕ್ಕೆ ಸೀಳಿ, ಬಾಗಿದ ಚಪ್ಪಟೆ ದಂಡಗಳನ್ನು ಮಾಡುತ್ತಿದ್ದರು. ಅವುಗಳ ಮೇಲೆ ಸಾಲಾಗಿ ಕೊರೆದ ಆಕೃತಿಗಳು: ನಿಂತ ನೀರಾನೆ, ಸಿಂಹ, ಉದ್ದ ಕತ್ತಿನ ಚಿರತೆ, ರೆಕ್ಕೆಯ ಮೃಗ, ಹಾವು ಹಿಡಿದ ಕುಳ್ಳ. ಬಹುಪಾಲು ಜನರ ಕೈಯಲ್ಲಿ ಚೂರಿ. ಕೆಲವದರ ಮೇಲೆ, ಈ ಕೂಸಿಗೆ ರಕ್ಷೆ ಹಾಕಲು ಬಂದಿದ್ದೇವೆ ಎಂದು ಆ ಆಕೃತಿಗಳೇ ಆಡುವಂತೆ ಬರೆದಿದೆ. ಹಲವು ದಂಡಗಳ ತುದಿ ಸವೆದಿದೆ. ಬಾಣಂತಿಯ ಹಾಸಿಗೆಯ ಸುತ್ತ ನೆಲದ ಮೇಲೆ ಗೆರೆ ಎಳೆದದ್ದರ ಗುರುತು ಇದು ಎಂಬ ಊಹೆ ಇದೆ. ಒಡೆದು, ಮತ್ತೆ ಕಟ್ಟಿ ಬಳಸಿದ ದಂಡಗಳೂ ಇವೆ. ಅಲಂಕಾರದ ವಸ್ತುವನ್ನು ಯಾರೂ ಹಾಗೆ ಸವೆಸುವುದಿಲ್ಲ. 2001ರಲ್ಲಿ ಈಜಿಪ್ಟಿನ ಪುರಾತನ ಪಟ್ಟಣ ಅಬೈಡೋಸ್‌ನ ದಕ್ಷಿಣ ಭಾಗದಲ್ಲಿ ಜೋಸೆಫ್ ವೆಗ್ನರ್ ನೇತೃತ್ವದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಸಿಕ್ಕ ಹೆರಿಗೆ ಇಟ್ಟಿಗೆಯೂ ಇದೇ ಲೋಕದ್ದು. ಹೆರುವವಳು ಕುಕ್ಕರಗಾಲಲ್ಲಿ ಕೂರಲು ಕಾಲ ಕೆಳಗೆ ಇಡುತ್ತಿದ್ದ ಹಸಿ ಇಟ್ಟಿಗೆ, ಸುಮಾರು 3,700 ವರ್ಷ ಹಳೆಯದು. ಅದರ ಒಂದು ಮುಖದಲ್ಲಿ ಕೂಸನ್ನು ಎತ್ತಿ ಹಿಡಿದ ತಾಯಿ, ಅಂಚುಗಳಲ್ಲಿ ಆ ಕಾವಲು ಮೃಗಗಳು.

ದಂಡಗಳ ಮೇಲಿನ ಆ ಕುಳ್ಳನೇ ಮುಂದೆ ಬೆಸ್ ಎಂದು ಹೆಸರಾದ. ಗಿಡ್ಡ ಬಾಗಿದ ಕಾಲು, ದೊಡ್ಡ ತಲೆ, ಸಿಂಹದ ಕೇಸರ, ಹೊರಚಾಚಿದ ನಾಲಿಗೆ. ಈಜಿಪ್ಟಿನ ಚಿತ್ರಗಳಲ್ಲಿ ದೇವರಿಂದ ದಾಸನವರೆಗೆ ಎಲ್ಲರ ಮುಖವೂ ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿರುತ್ತದೆ. ಬೆಸ್ ಮಾತ್ರ ನಮ್ಮ ಕಡೆ ದಿಟ್ಟಿಸುತ್ತಾನೆ, ಕಟ್ಟುತ್ತಿರುವ ಮನೆಯ ಮುಂದೆ ತೂಗುಹಾಕಿದ ದೃಷ್ಟಿಗೊಂಬೆಯ ಹಾಗೆ. ಹೆರಿಗೆ ಕೋಣೆ ಹೆಂಗಸರ ಜಾಗ. ಅಲ್ಲಿ ಗಂಡುರೂಪಕ್ಕೆ ಪ್ರವೇಶ ಸಿಕ್ಕಿದ್ದರೆ ಅದು ಮುಖ್ಯವಾಗಿ ಇವನಿಗೆ. ಇವನು ಗಂಡಸರ ಲೆಕ್ಕಕ್ಕೂ ಪೂರ್ತಿ ಸೇರದ, ಮೃಗಗಳ ಲೆಕ್ಕಕ್ಕೂ ಸೇರದ ಆಸಾಮಿಯಾದ್ದರಿಂದಲೇ ಹೊಸ್ತಿಲು ದಾಟಬಲ್ಲವನಾದ ಎನ್ನುವುದು ನನ್ನ ಓದು. ಲೈಡನ್ ನಗರದಲ್ಲಿರುವ ಒಂದು ಪಪೈರಸ್ ಸುರುಳಿಯಲ್ಲಿ ಕಷ್ಟದ ಹೆರಿಗೆಗೆ ಒಂದು ಮಂತ್ರವಿದೆ. ಜೇಡಿಮಣ್ಣಿನಲ್ಲಿ ಕುಳ್ಳನ ಗೊಂಬೆ ಮಾಡಿ, ನೋವು ತಿನ್ನುತ್ತಿರುವವಳ ಹಣೆಯ ಮೇಲಿಟ್ಟು, ನಾಲ್ಕು ಸಲ ಹೇಳಬೇಕು. ಇಳಿದು ಬಾ ಎಂದು ಕರೆಯುವುದು ಮಾಸುವನ್ನು, ಅಂದರೆ ಕಸವನ್ನು. ಸೂಲಗಿತ್ತಿಯರಿಗೆ ಕೂಸು ಬಂದ ಮೇಲೂ ಮುಗಿಯದ ಆತಂಕ ಯಾವುದು ಎಂದು ಮಂತ್ರ ಬರೆದವನಿಗೆ ಗೊತ್ತಿತ್ತು.

ದೇವರ ಮೈ ಹೀಗಿದ್ದರೆ ಮನುಷ್ಯರ ಮೈಗೆ ಏನಾದರೂ ಲಾಭವಾಯಿತೇ? ಕೈರೋ ಮ್ಯೂಸಿಯಮ್ಮಿನಲ್ಲಿ ಸೆನೆಬ್ ಎಂಬ ಕುಳ್ಳ ಅಧಿಕಾರಿಯ ಪ್ರತಿಮೆಯಿದೆ, ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಮೂಳೆ ಬೆಳವಣಿಗೆಯ ದೋಷದಿಂದ ಕೈಕಾಲು ಗಿಡ್ಡವಾಗಿ, ತಲೆ ಮುಂಡ ಸಹಜ ಗಾತ್ರದಲ್ಲೇ ಇರುವ ದೇಹ. ಶಿಲ್ಪಿ ಅದನ್ನು ಮುಚ್ಚಿಡಲಿಲ್ಲ. ಸೆನೆಬ್ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ಹೆಂಡತಿ ಪಕ್ಕದಲ್ಲಿ ತೋಳು ಬಳಸಿದ್ದಾಳೆ, ಸಾಮಾನ್ಯ ಎತ್ತರದವರಿಗೆ ಕಾಲು ಇಳಿಬಿದ್ದಿರಬೇಕಾದ ಜಾಗದಲ್ಲಿ ಎರಡು ಮಕ್ಕಳು ನಿಂತಿವೆ. ಕುರುಡನನ್ನು ನೋಡಿ ನಗಬೇಡ, ಕುಳ್ಳನನ್ನು ಗೇಲಿ ಮಾಡಬೇಡ ಎಂದು ಅಮೆನೆಮೋಪೆ ಎಂಬ ಪ್ರಾಚೀನ ಈಜಿಪ್ಟಿನವನ ಬುದ್ಧಿವಾದದ ಗ್ರಂಥ ಹೇಳುತ್ತದೆ. ಗೇಲಿ ಮಾಡುವವರು ಇದ್ದರು ಎಂಬುದಕ್ಕೂ ಇದೇ ಸಾಕ್ಷಿ.

ಬೆಸ್ ಬಗ್ಗೆ ಈಚೆಗೆ ರಸಾಯನಶಾಸ್ತ್ರವೂ ಮಾತಾಡಿದೆ. ಅಮೆರಿಕದ ಟ್ಯಾಂಪಾ ಮ್ಯೂಸಿಯಮ್ಮಿನಲ್ಲಿರುವ, ಬೆಸ್ ಮುಖದ ಒಂದು ಪಾತ್ರೆಯ ಒಳಗೋಡೆಯನ್ನು ಕೆರೆದು ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಆ ಪಾತ್ರೆಯಲ್ಲಿ ಹುದುಗಿದ ಹಣ್ಣಿನ ರಸ ಮತ್ತು ಜೇನಿನ ಜೊತೆ ನೀಲಿ ನೈದಿಲೆಯ ಅಂಶ, ಭ್ರಮೆ ಹುಟ್ಟಿಸಬಲ್ಲ ಹರ್ಮಲ ಎಂಬ ಗಿಡದ ಬೀಜದ ಅಂಶ, ಮನುಷ್ಯ ದೇಹದ ದ್ರವಗಳ ಕುರುಹು ಸಿಕ್ಕವು. ಒಂದು ಪಾತ್ರೆಯಿಂದ ಇಡೀ ಆಚರಣೆಯನ್ನು ಕಟ್ಟಿಬಿಡುವುದು ಅವಸರವಾದೀತು.

ಇನ್ನು ಲಿಂಗದ ಗೆರೆಗಳನ್ನು ನೇರವಾಗಿ ದಾಟಿದವರು. ನೈಲ್ ಪ್ರವಾಹದ ದೇವರು ಹಾಪಿಗೆ ಗಡ್ಡವೂ ಇದೆ, ಜೋಲುವ ಮೊಲೆಗಳೂ ಇವೆ. ಅಬುಕಿರ್ ಕೊಲ್ಲಿಯಲ್ಲಿ ಮುಳುಗಿದ ಥೋನಿಸ್-ಹೆರಾಕ್ಲಿಯನ್ ಪಟ್ಟಣದಿಂದ, ಸಮುದ್ರದಡಿ ಉತ್ಖನನ ಮಾಡುವ ಫ್ರಾಂಕ್ ಗೊಡ್ಡಿಯೊ ಅವರ ತಂಡ ಮೇಲೆತ್ತಿದ ಹಾಪಿಯ ಕಲ್ಲಿನ ಮೂರ್ತಿ 5.4 ಮೀಟರ್ ಎತ್ತರ. ಇವನನ್ನು ಅರ್ಧನಾರಿ ಎಂದು ಕರೆಯಲು ನಾಲಿಗೆ ತುರಿಸುತ್ತದೆ, ಆದರೆ ಕೆಲವು ವಿದ್ವಾಂಸರು ಅದು ಬೊಜ್ಜು, ಸುಗ್ಗಿ ಕಂಡ ನಾಡಿನ ಮೈ ಎನ್ನುತ್ತಾರೆ. ಮುತ್ ದೇವಿಯ ವಿಷಯದಲ್ಲಿ ಅಂಥ ನುಣುಚಿಕೊಳ್ಳುವಿಕೆ ಸಾಧ್ಯವಿಲ್ಲ. ‘ಸತ್ತವರ ಗ್ರಂಥ’ ಎಂದು ಕರೆಯುವ ಆ ಗೋರಿಯ ಮಂತ್ರಗಳಲ್ಲಿ 164ನೆಯದು ಅವಳನ್ನು ಮೂರು ತಲೆ, ರೆಕ್ಕೆ, ಸಿಂಹದ ಉಗುರು ಮತ್ತು ಶಿಶ್ನದ ಸಮೇತ ಬರೆಯಬೇಕೆಂದು ವಿಧಿಸುತ್ತದೆ. ಎಸ್ನಾ ದೇವಾಲಯದ ಬರಹಗಳಲ್ಲಿ ಸೃಷ್ಟಿಯ ತಾಯಿ ನೀತ್ ಮೂರರಲ್ಲಿ ಎರಡು ಪಾಲು ಗಂಡು, ಒಂದು ಪಾಲು ಹೆಣ್ಣು. ಸಿರಿಯಾ ಕಡೆಯಿಂದ ಬಂದ ಯುದ್ಧದೇವಿ ಅನಾತ್ ಗಂಡಸಿನ ಉಡುಪಿನ ಹೆಂಗಸು. ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ತನ್ನ ನಾಯಿಗೆ, ಮಗಳಿಗೆ ಅವಳ ಹೆಸರಿಟ್ಟ. ಇದರಿಂದ ಈಜಿಪ್ಟಿನ ಬೀದಿಯಲ್ಲಿ ಗಂಡು ಹೆಣ್ಣಿನ ಕಟ್ಟುಪಾಡು ಸಡಿಲವಿತ್ತೆಂದು ತಿಳಿಯಬಾರದು. ದೇವರಿಗೆ ಸಲ್ಲುವುದು ನೆರೆಮನೆಯವನಿಗೆ ಸಲ್ಲುವುದಿಲ್ಲ.

ಎಷ್ಟು ಸಲ್ಲುವುದಿಲ್ಲ ಎಂದು ತಿಳಿಯಲು ಸೆತ್ ಕಥೆ ಓದಬೇಕು. ಕ್ರಿ.ಪೂ. 12ನೇ ಶತಮಾನದ ಒಂದು ಸುರುಳಿ ಈಗ ಡಬ್ಲಿನ್‌ನಲ್ಲಿದೆ. ಅದರಲ್ಲಿ ಸಿಂಹಾಸನಕ್ಕಾಗಿ ಸೆತ್ ಮತ್ತು ಹೋರಸ್ ನಡುವಿನ ವ್ಯಾಜ್ಯ ಬರುತ್ತದೆ, ಭಾಷೆ ಹಳ್ಳಿಕಟ್ಟೆಯ ಪೋಲಿ ಹಾಸ್ಯದ್ದು. ರಾತ್ರಿ ಸೆತ್ ಹೋರಸನ ಮೇಲೆ ಎರಗುತ್ತಾನೆ. ಹೋರಸ್ ಅವನ ವೀರ್ಯವನ್ನು ಅಂಗೈಯಲ್ಲಿ ಹಿಡಿದುಬಿಡುತ್ತಾನೆ. ತಾಯಿ ಐಸಿಸ್ ಅದನ್ನು ನೀರಿಗೆಸೆದು, ಮಗನ ವೀರ್ಯವನ್ನು ಸೆತ್‌ನ ತೋಟದ ಲೆಟ್ಯೂಸ್ ಸೊಪ್ಪಿಗೆ ಹಚ್ಚುತ್ತಾಳೆ. ಮುರಿದರೆ ಬಿಳಿ ಹಾಲು ಸುರಿಸುವ ಆ ಸೊಪ್ಪು ಈಜಿಪ್ಟಿನಲ್ಲಿ ಗಂಡಸುತನದ ಸಂಕೇತ. ಸೆತ್ ತಿನ್ನುತ್ತಾನೆ, ಬಸುರಾಗುತ್ತಾನೆ. ದೇವಸಭೆಯಲ್ಲಿ ತಾನೇ ಗಂಡಸಿನ ಕೆಲಸ ಮಾಡಿದೆನೆಂದು ಕೊಚ್ಚಿಕೊಂಡಾಗ ದೇವರುಗಳು ಹೋರಸನ ಮೇಲೆ ಉಗಿಯುತ್ತಾರೆ. ಆಮೇಲೆ ಬರಹ, ವಿದ್ಯೆಗಳ ದೇವರು ಥೋತ್ ವೀರ್ಯವನ್ನೇ ಸಾಕ್ಷಿಗೆ ಕರೆಯುತ್ತಾನೆ. ಸೆತ್‌ನದು ನೀರಿನಿಂದ ಓಗೊಡುತ್ತದೆ, ಹೋರಸನದು ಸೆತ್‌ನ ತಲೆಯಿಂದ ಚಿನ್ನದ ಬಿಲ್ಲೆಯಾಗಿ ಹೊರಬರುತ್ತದೆ. ಇಲ್ಲಿ ನಗೆಪಾಟಲಾಗುವುದು ಗಂಡು ಗಂಡಿನ ಕೂಡಿಕೆಗಿಂತ ಹೆಚ್ಚಾಗಿ ‘ಹೆಣ್ಣಿನ ಸ್ಥಾನ’ಕ್ಕೆ ಇಳಿದವನು. ತವೆರೆತ್‌ಳ ಬಸಿರು ಪೂಜ್ಯ, ಸೆತ್‌ನ ಬಸಿರು ಅವಮಾನ.

ಆದರೂ ಸೆತ್ ಆಗ ದೇವರೇ. ಮರುಭೂಮಿ, ಬಿರುಗಾಳಿ, ಪರದೇಶ ಅವನ ಹೊಣೆ. ಅಪೋಫಿಸನನ್ನು ಸೂರ್ಯನ ದೋಣಿಯ ಮುಂತುದಿಯಲ್ಲಿ ನಿಂತು ಇರಿಯುವವನೂ ಅವನೇ. ಸಿರಿಯಾದ ಬಾಳ್ ದೇವರನ್ನು ಅವನಲ್ಲಿ ಗುರುತಿಸಿದರು. ಕ್ರಿ.ಪೂ. 1259ರ ಸುಮಾರಿಗೆ ರಾಮ್ಸೆಸ್ ಹಿಟ್ಟೈಟರೊಂದಿಗೆ, ಅಂದರೆ ಈಗಿನ ತುರ್ಕಿಯ ಕಡೆ ಹತ್ತಿ ಎಂಬ ನಾಡನ್ನು ಆಳುತ್ತಿದ್ದವರೊಂದಿಗೆ, ಒಪ್ಪಂದ ಮಾಡಿಕೊಂಡಾಗ, ಆ ನಾಡಿನ ದೇವರುಗಳನ್ನು ಈಜಿಪ್ಟಿನ ಪಠ್ಯ ‘ಹತ್ತಿ ನಾಡಿನ ಸೆತ್’ ಎಂದೇ ಸಾಕ್ಷಿಗೆ ಕರೆಯಿತು. ಅನ್ಯನೊಡನೆ ವ್ಯವಹರಿಸಲು ಒಬ್ಬ ಅನ್ಯ ದೇವರು ಬೇಕಾಗಿತ್ತು. ಆ ಅನ್ಯರೇ ಮನೆಯ ಯಜಮಾನರಾದ ಮೇಲೆ, ಅಂದರೆ ಕ್ರಿ.ಪೂ. 671ರಲ್ಲಿ ಅಸ್ಸೀರಿಯನ್ನರು, 525ರಲ್ಲಿ ಪರ್ಷಿಯನ್ನರು ಬಂದ ಕಾಲದಲ್ಲಿ, ಸೆತ್‌ನ ದಿನಗಳು ಕೆಟ್ಟವು. ಹೆಸರು ಕೆತ್ತಿ ತೆಗೆದರು, ಮೂರ್ತಿ ಒಡೆದರು. ಕೋಪನ್‌ಹೇಗನ್‌ನ ಗ್ಲಿಪ್ಟೊಟೆಕ್ ಮ್ಯೂಸಿಯಮ್ಮಿನಲ್ಲಿ ಸೆತ್‌ನ ಒಂದು ಕಂಚಿನ ವಿಗ್ರಹವಿದೆ. ಅದರ ನೆಟ್ಟಗಿನ ಕಿವಿಗಳನ್ನು ತೆಗೆದು ಟಗರಿನ ಕೊಂಬು ಕೂರಿಸಿ, ಬೇರೆ ದೇವರಾಗಿಸಿದ್ದಾರೆ.

ಬೆಸ್ ಇನ್ನೂ ತಡವಾಗಿ ಬಿದ್ದ. ರೋಮನ್ನರ ಕಾಲದಲ್ಲಿ ಅಬೈಡೋಸ್‌ನ ಹಳೆಯ ದೇವಾಲಯದಲ್ಲಿ ಅವನ ದೈವವಾಣಿ ನಡೆಯುತ್ತಿತ್ತು. ದೂರದೂರದವರು ಪ್ರಶ್ನೆ ಬರೆದು ಕಳಿಸುತ್ತಿದ್ದರು. ಕ್ರಿ.ಶ. 359ರಲ್ಲಿ ಅಂಥ ಕೆಲವು ಚೀಟಿಗಳು ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್‌ನ ಕೈಸೇರಿ, ರಾಜದ್ರೋಹದ ಶಂಕೆ ಎದ್ದು, ವಿಚಾರಣೆಗಳು ನಡೆದವು. ಬಳಿಕ ಅದೇ ಊರಿನ ಕ್ರೈಸ್ತ ಸಂತ ಮೋಸೆಸ್‌ನ ಚರಿತ್ರೆಯಲ್ಲಿ ಬೆಸ್ ಮತ್ತೆ ಕಾಣಿಸಿಕೊಳ್ಳುತ್ತಾನೆ. ಈಗ ಅವನು ಪಾಳು ಗುಡಿಯೊಳಗಿನ ದೆವ್ವ, ದಾರಿಹೋಕರ ಮೇಲೆ ಎರಗಿ ಕಣ್ಣು ಕಳೆಯುವವನು, ಸಂತನು ಮಠದ ಸಹ ಸನ್ಯಾಸಿಗಳನ್ನು ಕಟ್ಟಿಕೊಂಡು ಪ್ರಾರ್ಥನೆಯಿಂದ ಎದುರಿಸಬೇಕಾದವನು.