ಒಂದು ದಿನ ವ್ಯಾಯಾಮ ತಪ್ಪಿದರೆ ಪಾಪವೇ?

ಪ್ರಶ್ನೆ: ದೇಹ ಪವಿತ್ರಾತ್ಮನ ಗರ್ಭಗುಡಿ ಅಂತ ಸಭೆಯಲ್ಲಿ ಕೇಳಿ ಜಿಮ್ ಸೇರಿದೆ. ಈಗ ಒಂದು ದಿನ ತಪ್ಪಿದರೂ ದೇವರಿಗೇ ಮೋಸ ಮಾಡಿದ ಹಾಗೆ ಅನ್ನಿಸುತ್ತೆ. ಇದು ಸರೀನಾ?

ಖಂಡಿತ ಪಾಪವಲ್ಲ. ಆದರೆ ಈ ಅಳುಕು ಎಲ್ಲಿಂದ ಬಂತು ಅಂತ ನೋಡಬೇಕು.

ಆ ವಚನ ಬೈಬಲಿನಲ್ಲಿ, ಯೇಸುವಿನ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರದಲ್ಲಿದೆ (1 ಕೊರಿಂಥ 6:19). ಮೇಲಿನ ನಾಲ್ಕು ಸಾಲು ಓದಿ ನೋಡಿ. ಪೌಲ ಅಲ್ಲಿ ಮಾತಾಡುತ್ತಿರುವುದು ವ್ಯಭಿಚಾರದ ಬಗ್ಗೆ, ವ್ಯಾಯಾಮದ ಬಗ್ಗೆ ಅಲ್ಲ. ದೇಹದಿಂದ ಏನು ಮಾಡಿದರೂ ನಡೆಯುತ್ತೆ ಅಂದುಕೊಂಡವರಿಗೆ, ನೀವು ದೇವರಿಗೆ ಸೇರಿದವರು ಅಂತ ನೆನಪಿಸುತ್ತಾನೆ. ಆದ್ದರಿಂದ ದೇಹವನ್ನು ಚೆನ್ನಾಗಿ ನೋಡಿಕೊಳ್ಳೋಣ ಅಂದರೆ ಸರಿಯೇ. ದಿನಾ ಎಷ್ಟು ಸ್ಕ್ವಾಟ್ ಹೊಡೆದೆ ಅಂತ ಲೆಕ್ಕ ಕೇಳುವ ವಚನ ಮಾತ್ರ ಅದಲ್ಲ. ಹಾಸಿಗೆ ಹಿಡಿದವರ ದೇಹವೂ ಗುಡಿಯೇ, ಗಾಲಿಕುರ್ಚಿಯಲ್ಲಿ ಕೂತವರದೂ ಗುಡಿಯೇ.

ಇನ್ನೊಂದು ಗುಂಪಿದೆ. ಮೈ ಕಟ್ಟುಮಸ್ತು ಮಾಡಿಕೊಳ್ಳೋದೇ ಜಂಬ ಅನ್ನೋರು. ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ದೇವತಾಶಾಸ್ತ್ರ ಓದಿದವರು, ಆಗ ಅವರು ಕೆಲಸ ಮಾಡುತ್ತಿದ್ದದ್ದು ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಅಂತ ಈ ಗುಂಪಿಗೆ ಹೇಳಬಹುದು. ಪೌಲನೂ ಅದೇ ಪತ್ರದ 9ನೇ ಅಧ್ಯಾಯದಲ್ಲಿ ಓಟಗಾರರನ್ನು, ಗುದ್ದಾಟದವರನ್ನು ಉದಾಹರಣೆಗೆ ತರುತ್ತಾನೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು, ಓದುವವರಿಗೆ ತಕ್ಷಣ ಅರ್ಥವಾಗಿರುತ್ತೆ. ಆದರೆ 1 ತಿಮೊಥೆ 4:8ರಲ್ಲಿ, ದೇಹಸಾಧನೆಯಿಂದ ಒಂದಿಷ್ಟು ಲಾಭ, ಭಕ್ತಿಯಿಂದ ಎಲ್ಲದರಲ್ಲೂ ಲಾಭ ಅನ್ನುವ ಮಾತಿದೆ. ವ್ಯಾಯಾಮ ಬೇಡ ಅಂದಿಲ್ಲ. ಅದರ ಜಾಗ ಯಾವುದು ಅಂತ ತೋರಿಸಿದೆ, ಅಷ್ಟೇ.

ನಿಮ್ಮ ಪ್ರಶ್ನೆಗೆ ನಿಜವಾಗಿ ಹತ್ತಿರ ಬರೋದು ಎಲೀಯನ ಕತೆ, 1 ಅರಸುಗಳು 19. ಪ್ರವಾದಿ ಪ್ರಾಣಭಯದಿಂದ ಮರಳುಗಾಡಿಗೆ ಓಡುತ್ತಾನೆ. ಸುಸ್ತಾಗಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತೆಗೆದುಕೋ ಅಂತ ಕೇಳಿ ಮಲಗಿಬಿಡುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ಬೋಧನೆಯನ್ನೂ ಮಾಡುವುದಿಲ್ಲ. ಮೈ ತಟ್ಟಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಡುತ್ತಾನೆ. ನಲವತ್ತು ದಿನದ ನಡಿಗೆ ಶುರುವಾಗುವುದು ಅದಾದ ಮೇಲೆ. ದೇವರು ಎಲೀಯನ ಜೊತೆ ಮಾತಾಡಿದ್ದು ಇನ್ನೂ ಆಮೇಲೆ. ನಿದ್ದೆ, ಊಟ, ನಡಿಗೆ ಎಲ್ಲ ಇಲ್ಲಿವೆ, ಗದರಿಕೆ ಮಾತ್ರ ಇಲ್ಲ.

ಹಾಗಾಗಿ ನನ್ನ ಅಳತೆ ಇಷ್ಟು: ವಿಶ್ರಾಂತಿ ತಗೊಂಡ ದಿನ ನೀವು ನೆಮ್ಮದಿಯಾಗಿ ಇರಬಲ್ಲಿರಾ? ದೇವರೇ ಏಳನೇ ದಿನ ಕೆಲಸ ನಿಲ್ಲಿಸಿದ ಅನ್ನೋ ನಂಬಿಕೆ ಇದ್ದವರಿಗೆ ಒಂದು ದಿನದ ಬಿಡುವು ಭಯ ಹುಟ್ಟಿಸಿದರೆ, ನಿಮ್ಮನ್ನು ಆಳುತ್ತಿರುವುದು ದೇವರಲ್ಲ, ಕನ್ನಡಿ ಇರಬಹುದು. ಇಲ್ಲಾ ಪಕ್ಕದಲ್ಲಿ ಭಾರ ಎತ್ತುವವನ ತೋಳು.

ದೇಹಕ್ಕೆ ಬೇಕಾದ ಲೆಕ್ಕ ಅಂಥ ಕಠಿಣವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ. ದಿನಾ ಜಿಮ್‌ಗೆ ಹೋಗಲೇಬೇಕು ಅಂತೇನಿಲ್ಲ. ನಡೆಯುವಾಗ ಪ್ರಾರ್ಥನೆ ಮಾಡುವವರೂ ಇದ್ದಾರೆ, ಸುಮ್ನೆ ನಡೆಯುವವರೂ ಇದ್ದಾರೆ. ಎರಡೂ ಚೆನ್ನ.

ಒಂದು ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಉಪವಾಸದ ಹೆಸರಲ್ಲಿ ತೂಕ ಇಳಿಸೋದು. ಉಪವಾಸ ಮಾಡುವಾಗ ಮುಖ ತೊಳೆದುಕೊಂಡು, ಯಾರಿಗೂ ಗೊತ್ತಾಗದ ಹಾಗೆ ಇರಿ ಅಂದ ಯೇಸು. ಅದನ್ನು ತಕ್ಕಡಿಯ ಮೇಲೆ ನಿಂತು ನೋಡಿಕೊಳ್ಳಲು ಶುರು ಮಾಡಿದರೆ ಅದು ಡಯಟ್, ಹಾಗಂತಲೇ ಕರೆಯೋಣ. ಊಟ ಮಾಡಿದ್ದಕ್ಕೆ ಶಿಕ್ಷೆ ಅಂತ ಓಡುವುದು, ತಿಂದದ್ದನ್ನು ಬೇಕಂತಲೇ ವಾಂತಿ ಮಾಡುವುದು ಶುರುವಾಗಿದ್ದರೆ, ಪಾಸ್ಟರ್ ಜೊತೆ ಮಾತಾಡಿ, ಆದರೆ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ.