ನಾಂಡಿನಿಯಾ: ಹೆಸರಿಗಷ್ಟೇ ಪುನುಗು ಬೆಕ್ಕು

ಈ ಪ್ರಾಣಿಯನ್ನು ಪುಸ್ತಕಗಳಲ್ಲಿ ಆಫ್ರಿಕನ್ ಪಾಮ್ ಸಿವೆಟ್ ಎಂದು ಕರೆಯುತ್ತಾರೆ. ಸಿವೆಟ್ ಅಂದರೆ ಪುನುಗು ಬೆಕ್ಕು. ಪಾಮ್ ಸಿವೆಟ್ ಅಂದರೆ ನಮ್ಮ ಮಲೆನಾಡಿನವರು ಕಬ್ಬೆಕ್ಕು ಎನ್ನುವ ಪ್ರಾಣಿ. ಹಾಗಾದರೆ ಇದು ಆಫ್ರಿಕಾದ ಕಬ್ಬೆಕ್ಕು, ಅಲ್ವಾ? ಮೊದಲ ಸಲ ಓದಿದಾಗ ನಾನೂ ಹಾಗೇ ಬರೆದುಕೊಂಡಿದ್ದೆ. ಆಮೇಲೆ ಆ ಸಾಲಿಗೆ ಅಡ್ಡಗೆರೆ ಎಳೆಯಬೇಕಾಯಿತು. ಆ ಉದ್ದ ಹೆಸರಿನಲ್ಲಿ ಪೂರ್ತಿ ನಂಬಬಹುದಾದ ಪದ 'ಆಫ್ರಿಕನ್' ಒಂದೇ.

ವೈಜ್ಞಾನಿಕ ಹೆಸರು ನಾಂಡಿನಿಯಾ ಬೈನೊಟಾಟಾ. ನಂದಿನಿ ಹಾಲಿನ ಪ್ಯಾಕೆಟ್ ನೆನಪಾದರೆ ಆಗಲಿ, ಪರೀಕ್ಷೆಯಲ್ಲಿ ಹೆಸರು ಮರೆಯುವುದಿಲ್ಲ. ಬೈನೊಟಾಟಾ ಅಂದರೆ ಎರಡು ಗುರುತುಗಳುಳ್ಳದ್ದು. ಎರಡು ಭುಜಗಳ ಮೇಲೂ ಒಂದೊಂದು ತಿಳಿ ಕೆನೆಬಣ್ಣದ ಮಚ್ಚೆ ಇರುತ್ತದೆ. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ 1830ರಲ್ಲಿ ಬೈನೊಟಾಟಾ ಎಂದು ಹೆಸರಿಟ್ಟಾಗ ಇದನ್ನು ಪುನುಗು ಬೆಕ್ಕುಗಳ ಸಾಲಿಗೇ ಸೇರಿಸಿದ್ದರು. ಅದು ತಪ್ಪು ಅಂತ ಈಗ ಹೇಳುವುದು ಸುಲಭ. ಆದರೆ ಉದ್ದ ಮೈ, ಗಿಡ್ಡ ಕಾಲು, ಕಂದು ಮೈಮೇಲೆ ಕಪ್ಪು ಚುಕ್ಕೆ, ಮೈಯಷ್ಟೇ ಅಥವಾ ಅದಕ್ಕಿಂತ ಉದ್ದವಾದ ಪಟ್ಟೆ ಪಟ್ಟೆ ಬಾಲ, ಇಷ್ಟೆಲ್ಲಾ ಕಣ್ಣೆದುರು ಇದ್ದರೆ ಯಾರಿಗಾದರೂ ಪುನುಗು ಬೆಕ್ಕೇ ನೆನಪಾಗುತ್ತದೆ. ತೂಕ ಹೆಚ್ಚುಕಮ್ಮಿ ಒಂದೂಕಾಲರಿಂದ 3 ಕಿಲೋ. ಅಂದರೆ ನಮ್ಮ ಮನೆ ಬೆಕ್ಕಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಸಣ್ಣದು.

ಗುಟ್ಟು ಇರುವುದು ಕಿವಿಯ ಹಿಂದೆ. ಈ ಭಾಗವನ್ನು ನಿಧಾನವಾಗಿ ಓದಿ.

ಸಸ್ತನಿಗಳ ತಲೆಬುರುಡೆಯ ಕೆಳಗೆ, ನಡುಗಿವಿಯನ್ನು ಮುಚ್ಚಿಕೊಂಡು ಗುಳ್ಳೆಯಂಥ ಒಂದು ಉಬ್ಬು ಇರುತ್ತದೆ. ಅದಕ್ಕೆ ಬುಲ್ಲಾ ಎನ್ನುತ್ತಾರೆ. ಬೆಕ್ಕು, ಕತ್ತೆಕಿರುಬ, ಮುಂಗುಸಿ, ಪುನುಗು ಬೆಕ್ಕು, ಹೀಗೆ ಬೆಕ್ಕಿನ ಪಂಗಡದ ಉಳಿದ ಎಲ್ಲ ಪ್ರಾಣಿಗಳಲ್ಲೂ ಬೆಳೆದ ಮೇಲೆ ಈ ಗುಳ್ಳೆ ಪೂರ್ತಿ ಮೂಳೆಯಾಗಿ ಗಟ್ಟಿಯಾಗುತ್ತದೆ. ನಾಂಡಿನಿಯಾದಲ್ಲಿ ಮಾತ್ರ ಅದರ ಹಿಂಭಾಗ ಕೊನೆಯವರೆಗೂ ಮೃದ್ವಸ್ಥಿಯಾಗಿಯೇ ಉಳಿಯುತ್ತದೆ. ನಮ್ಮ ಕಿವಿಯ ಆಲೆಯಲ್ಲಿ ಇರುತ್ತದಲ್ಲ, ಆ ಥರದ ಬಾಗುವ ವಸ್ತು. ಸಂಗ್ರಹಾಲಯಕ್ಕೆಂದು ಬುರುಡೆಯನ್ನು ಸ್ವಚ್ಛ ಮಾಡುವಾಗ ಮೃದ್ವಸ್ಥಿ ಉದುರಿಹೋಗುತ್ತದೆ. ಹಾಗಾಗಿ ಒಣಗಿದ ಬುರುಡೆಯಲ್ಲಿ ಆ ಜಾಗ ತೆರೆದೇ ಇರುತ್ತದೆ.

ಆಮೇಲೆ ಡಿಎನ್‌ಎ ಹೋಲಿಕೆಯೂ ಇದು ಪುನುಗು ಬೆಕ್ಕಲ್ಲ ಎಂಬ ಇದೇ ಮಾತು ಹೇಳಿತು. ಬೆಕ್ಕಿನ ಪಂಗಡದ ವಂಶವೃಕ್ಷದಲ್ಲಿ, ಇವತ್ತು ಬದುಕಿರುವವುಗಳ ಪೈಕಿ, ಎಲ್ಲಕ್ಕಿಂತ ಮೊದಲು ಬೇರೆಯಾದ ಕೊಂಬೆ ನಾಂಡಿನಿಯಾದ್ದು. ಅದು 4 ಕೋಟಿ ವರ್ಷಗಳಿಗೂ ಹಿಂದಿನ ಮಾತು. ಆ ಕೊಂಬೆಯಲ್ಲಿ ಈಗ ಉಳಿದಿರುವುದು ಇದೊಂದೇ ಪ್ರಭೇದ. ಆದ್ದರಿಂದ ಇದಕ್ಕೆ ನಾಂಡಿನಿಡೇ ಎಂಬ ಪ್ರತ್ಯೇಕ ಕುಟುಂಬವನ್ನೇ ಕೊಟ್ಟಿದ್ದಾರೆ. ಇದರ ಅರ್ಥ ಏನು? ನಮ್ಮ ಕಬ್ಬೆಕ್ಕಿಗೆ ನಾಂಡಿನಿಯಾಕ್ಕಿಂತ ಹುಲಿಯೇ ಹತ್ತಿರದ ನೆಂಟ, ಕತ್ತೆಕಿರುಬವೂ ಹತ್ತಿರದ ನೆಂಟ. ಇದನ್ನು ನಂಬಲು ನನಗೆ ವಂಶವೃಕ್ಷವನ್ನು ಎರಡು ಸಲ ಬರೆದು ನೋಡಬೇಕಾಯಿತು. ನೀವೂ ಒಮ್ಮೆ ಬರೆದು ನೋಡಿ. ಬೆಕ್ಕಿನ ಪಂಗಡದ ಮೂಲ ಪ್ರಾಣಿಗಳೂ ಸಣ್ಣವೇ, ಮರ ಹತ್ತುವವೇ ಇದ್ದವು ಎಂದು ಅಂದಾಜು. ನಾಂಡಿನಿಯಾ ಆ ಹಳೇ ಮೈಕಟ್ಟಿನಿಂದ ಹೆಚ್ಚು ದೂರ ಹೋಗಿಲ್ಲ ಅಷ್ಟೆ.

ಆಫ್ರಿಕಾದಲ್ಲಿ ನಿಜವಾದ ಪುನುಗು ಬೆಕ್ಕೂ ಇದೆ. ಅದು ಆಫ್ರಿಕನ್ ಸಿವೆಟ್. ನೆಲದ ಮೇಲೆ ಓಡಾಡುವ, 10 ಕಿಲೋಗೂ ಮೀರಿ ತೂಗಬಲ್ಲ ದೊಡ್ಡ ಪ್ರಾಣಿ. ಎರಡನ್ನೂ ಬೆರೆಸಿ ಉತ್ತರ ಬರೆಯಬೇಡಿ.

ಇನ್ನು ವಾಸ. ಪಶ್ಚಿಮದ ಗಿನಿ ಕಡೆಯ ಕಾಡುಗಳಿಂದ ಹಿಡಿದು ಕಾಂಗೋ ಕಣಿವೆ ದಾಟಿ ದಕ್ಷಿಣ ಸುಡಾನ್, ಉಗಾಂಡಾ, ಕೀನ್ಯಾದವರೆಗೆ, ಕೆಳಗೆ ಅಂಗೋಲಾ, ಮೊಜಾಂಬಿಕ್, ಜಿಂಬಾಬ್ವೆಯ ಪೂರ್ವ ಅಂಚಿನವರೆಗೆ ಇದು ಸಿಗುತ್ತದೆ. ಗಿನಿ ಕೊಲ್ಲಿಯ ಬಯೋಕೋ ದ್ವೀಪದಲ್ಲೂ ಇದೆ. ದಟ್ಟ ಮಳೆಕಾಡು ಇದರ ಮುಖ್ಯ ನೆಲೆ. ಮಳೆ ಕಡಿಮೆ ಇರುವ ಕಡೆ ಹೊಳೆದಂಡೆಯ ಕಾಡನ್ನು ಹಿಡಿದುಕೊಂಡು ಹೋಗುತ್ತದೆ. ರಾತ್ರಿಯ ಪ್ರಾಣಿ, ಬಹುಪಾಲು ಮರದ ಮೇಲೇ ಬದುಕು. ಹಗಲಲ್ಲಿ ಕೊಂಬೆಯ ಕವಲಿನಲ್ಲೋ ಬಳ್ಳಿಗಳ ಸಿಕ್ಕಿನಲ್ಲೋ ಸುಮ್ನೆ ಬಿದ್ದುಕೊಂಡಿರುತ್ತದೆ. ದಪ್ಪ ಪಾದ ಮತ್ತು ಚೂಪು ಉಗುರು ಇರುವುದರಿಂದ ಕೊಂಬೆ ಹಿಡಿಯುವುದು ಸುಲಭ. ಉದ್ದ ಬಾಲ ತೂಕ ಸರಿದೂಗಿಸಿಕೊಳ್ಳಲು.

ಕಡಿದ ಕಾಡು ಮತ್ತೆ ಚಿಗುರುವ ಜಾಗದಲ್ಲೂ ಇದು ಚೆನ್ನಾಗಿಯೇ ಬದುಕುತ್ತದೆ. ಕಾರಣ ಮುಸಾಂಗಾ ಎಂಬ ಮರ. ಕೊಡೆ ಬಿಡಿಸಿದಂಥ ಎಲೆಯ ಈ ಮರ, ಬಯಲಾದ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ಸರಸರ ಬೆಳೆಯುತ್ತದೆ. ಇದರ ಹಣ್ಣು ನಾಂಡಿನಿಯಾಕ್ಕೆ ಇಷ್ಟ. ಹಣ್ಣು ತಿಂದ ಪ್ರಾಣಿ ಬೀಜವನ್ನು ಬೇರೆ ಕಡೆ ಹಾಕುತ್ತದೆ, ಅಲ್ಲಿ ಮತ್ತೆ ಮರ ಏಳುತ್ತದೆ.

ಇಲ್ಲಿ ಹಲವರು ಎಡವುವುದುಂಟು. ಇದರ ಊಟದಲ್ಲಿ ಹಣ್ಣೇ ಜಾಸ್ತಿ. ಗ್ಯಾಬನ್ ಕಾಡಿನಲ್ಲಿ ಇದನ್ನು ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಪಿಯರ್ ಶಾರ್ಲ್-ದೊಮಿನಿಕ್ ಕಂಡದ್ದೂ ಅದನ್ನೇ: ಹೊಟ್ಟೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹಣ್ಣು. ಉಳಿದದ್ದು ಇಲಿ, ಹಕ್ಕಿ, ಮೊಟ್ಟೆ, ಹುಳಹುಪ್ಪಟೆ. ಹಾಗಿದ್ದ ಮೇಲೆ ಮಾಂಸಾಹಾರಿ ಗಣದಲ್ಲಿ ಇದಕ್ಕೇನು ಕೆಲಸ? 'ಮಾಂಸಾಹಾರಿ ಗಣ' ಎನ್ನುವುದು ವಂಶದ ಹೆಸರು, ಊಟದ ಪಟ್ಟಿಯಲ್ಲ. ಮೇಲಿನ ಕೊನೆಯ ಮುಂದವಡೆ ಮತ್ತು ಕೆಳಗಿನ ಮೊದಲ ದವಡೆ ಹಲ್ಲು ಕತ್ತರಿಯಂತೆ ಜೋಡಿಯಾಗಿರುವ ಪೂರ್ವಜನಿಂದ ಬಂದವೆಲ್ಲ ಈ ಗಣಕ್ಕೆ ಸೇರುತ್ತವೆ. ಬಿದಿರು ತಿನ್ನುವ ಪಾಂಡಾ ಕೂಡ ಇದೇ ಗಣದ್ದು. ಬೇಟೆ ಸಿಕ್ಕಿದರೆ ನಾಂಡಿನಿಯಾ ಬಿಡುವುದೂ ಇಲ್ಲ. ಮುಂಗಾಲಲ್ಲಿ ಹಿಡಿದು ಪಟಪಟ ಕಚ್ಚಿ ಕೊಲ್ಲುತ್ತದೆ. ಹಳ್ಳಿಯ ಅಂಚಿನಲ್ಲಿ ಕೋಳಿಗೂ ಬಾಯಿ ಹಾಕುತ್ತದೆ.

ಒಂಟಿ ಪ್ರಾಣಿ. ಗ್ಯಾಬನ್‌ನ ಅದೇ ಅಧ್ಯಯನದಲ್ಲಿ ಹೆಣ್ಣಿನ ಓಡಾಟದ ಜಾಗ ಸರಾಸರಿ 45 ಹೆಕ್ಟೇರಿನ ಆಸುಪಾಸು. ಬಲಾಢ್ಯ ಗಂಡಿನ ಜಾಗ ಅದಕ್ಕಿಂತ ಬಹಳ ದೊಡ್ಡದು, ಹಲವು ಹೆಣ್ಣುಗಳ ಜಾಗವನ್ನು ಒಳಗೊಂಡಿರುತ್ತದೆ. ಗಡಿ ಗುರುತು ವಾಸನೆಯಿಂದ. ಗದ್ದ, ಹೊಟ್ಟೆಯ ಕೆಳಭಾಗ, ಬೆರಳುಗಳ ನಡುವೆ ವಾಸನೆ ಗ್ರಂಥಿಗಳಿವೆ. ಗಂಡುಗಳ ಜಗಳದಲ್ಲಿ ಒಂದರ ಜೀವವೇ ಹೋಗುವುದೂ ಉಂಟು. ಗರ್ಭದ ಅವಧಿ ಸುಮಾರು 64 ದಿನ, ಮರಿ ಸಾಮಾನ್ಯವಾಗಿ ಒಂದರಿಂದ ಮೂರು. ಹಾಲೂಡುವ ತಾಯಿಯ ಮೊಲೆಗಳ ಸುತ್ತ ಕಿತ್ತಳೆ-ಹಳದಿ ದ್ರವ ಒಸರಿ ಹೊಟ್ಟೆಯ ಕೂದಲಿಗೂ ಮರಿಗಳ ಮೈಗೂ ಬಣ್ಣ ಹತ್ತುತ್ತದೆ.

ಪ್ರಾಣಿಗಳ ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ ಪಟ್ಟಿಯಲ್ಲಿ ಇದು ಅತಿ ಕಡಿಮೆ ಆತಂಕದ ವರ್ಗದಲ್ಲಿದೆ. ಹಾಗಂತ ಕಾಟ ಇಲ್ಲ ಎಂದಲ್ಲ. ಕಾಡು ಕಡಿಯುತ್ತಿದ್ದಾರೆ, ಮಾಂಸಕ್ಕಾಗಿ ಬೇಟೆಯೂ ನಡೆಯುತ್ತದೆ. ಅಧ್ಯಯನ ಮಾಡುವವರಿಗೆ ಇನ್ನೊಂದು ತೊಂದರೆ. ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಹೆಚ್ಚಾಗಿ ಮಂಡಿ ಎತ್ತರದಲ್ಲಿ, ನೆಲದ ಜಾಡಿನ ಕಡೆ ಮುಖ ಮಾಡಿ ಕಟ್ಟುತ್ತಾರೆ. ನಾಂಡಿನಿಯಾ ಓಡಾಡುವುದು ಅದರ ನೆತ್ತಿಯ ಮೇಲೆ. ಚಿತ್ರ ಕಡಿಮೆ ಸಿಕ್ಕಿತು ಅಂದ ಮಾತ್ರಕ್ಕೆ ಪ್ರಾಣಿ ಕಡಿಮೆ ಇದೆ ಎಂದು ಬರೆಯುವಂತಿಲ್ಲ. ರಾತ್ರಿ ಟಾರ್ಚ್ ಹಿಡಿದು ಕತ್ತು ಮೇಲೆತ್ತಿ ನಡೆಯಬೇಕು, ಹೊಳೆಯುವ ಜೋಡಿ ಕಣ್ಣಿಗಾಗಿ ಕೊಂಬೆ ಕೊಂಬೆಯನ್ನೂ ಹುಡುಕಬೇಕು.